ಕೇಳುವ ಮಾವನ ಮ್ಯೂಸಿಯಂ

ನನ್ನ ಸೋದರಮಾವನಷ್ಟು ಕಿವಿಗೊಟ್ಟು ಕೇಳುವವರು ಇಡೀ ಮಂಗಳೂರಿನಲ್ಲಿಲ್ಲ. ಕೇಳಿದ್ದಕ್ಕೆ ಅವರಷ್ಟು ಉತ್ತರ ಕೊಡದವರೂ ಇಲ್ಲ!

ಸೈನ್ಯದಲ್ಲಿ ಅವರ ಕೆಲಸ ಶತ್ರುಗಳ ರೇಡಿಯೋ ಮಾತನ್ನು ಕದ್ದು ಕೇಳುವುದು. ಕೇಳಬೇಕು, ಬರೆದುಕೊಳ್ಳಬೇಕು, ತಾನು ಮಾತ್ರ ತುಟಿಪಿಟಕ್ಕೆನ್ನಬಾರದು. ನಿವೃತ್ತಿಯಾದ ಮೇಲೂ ಆ ಆದೇಶವನ್ನು ಯಾರೂ ಹಿಂತೆಗೆದುಕೊಂಡಂತಿಲ್ಲ. ಫೋನ್ ಮಾಡಿದರೆ ಎತ್ತುತ್ತಾರೆ. 'ಹಲೋ' ಇಲ್ಲ. ನಾನು ಮಾತಾಡುತ್ತಿದ್ದರೆ ಆ ಕಡೆ ಪೆನ್ಸಿಲ್ ಗೀಚುವ ಸದ್ದು. ಆಮೇಲೆ ಕಟ್!

ಜೆಪ್ಪುವಿನ ಅವರ ಮನೆಯ ಕೆಳಗಿನ ಕೋಣೆಯೇ ಮ್ಯೂಸಿಯಂ. ಗುಜರಿಯಿಂದ ಹೆಕ್ಕಿ ತಂದ ಸೈನ್ಯದ ಹಳೆಯ ರಿಸೀವರುಗಳು, ಹೆಡ್‌ಫೋನುಗಳು, ಏರಿಯಲ್ಲುಗಳು. ಸ್ವಯಂಸೇವಕರು ಇಬ್ಬರು: ವಿವರಿಸಲು ಮಾವ, ಧೂಳು ಒರೆಸಲು ನಾನು. ಮಾವ ಬಾಯಿ ಬಿಡದ ಕಾರಣ ಎರಡೂ ನಾನೇ. ಬರುವವರಲ್ಲಿ ಹೆಚ್ಚಿನವರು ಮಾವನ ಹೆಂಡತಿ, ಅಂದರೆ ಮಾಮಿ, ಕರಿಯುವ ಗೋಳಿಬಜೆಗಾಗಿ ಬರುತ್ತಾರೆಂಬುದು ಬೇರೆ ಮಾತು.

ಅತ್ತಾವರದ ಒಬ್ಬಳು ನರ್ಸಿಂಗ್ ಹುಡುಗಿ, "ಅಂಕಲ್, ಇದೆಂತ?" ಎಂದಳು. ಮಾವ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದುಕೊಂಡರು.

"ಅದು ಹಳೆಯ ರೇಡಿಯೋ," ಎಂದೆ.

"ಮತ್ತೆ ಇದು?"

"ಅದಕ್ಕಿಂತ ಹಳೆಯದು!"

ಒಮ್ಮೆ ಪೊಲೀಸರೊಬ್ಬರು ಒಳಗೆ ಬಂದರು. ಸೈನ್ಯದ ರೇಡಿಯೋ ಮನೆಯಲ್ಲಿಟ್ಟದ್ದಕ್ಕೆ ಇಂಥ ದಿನ ಬಂದೇ ಬರುತ್ತದೆಂದು ನಾನು ವರ್ಷಗಳಿಂದ ನಿದ್ದೆಗೆಟ್ಟಿದ್ದೆ. "ಸರ್, ನಾನು ಧೂಳು ಒರೆಸುವವ ಮಾತ್ರ!" ಎಂದು ಕೈಯೆತ್ತಿಬಿಟ್ಟೆ. ಅವರಿಗೆ ಬೇಕಾಗಿದ್ದದ್ದು ಮೊಬೈಲ್ ಚಾರ್ಜಿಗೆ ಹಾಕಲು ಒಂದು ಪ್ಲಗ್.

ಕಳೆದ ತಿಂಗಳು ಮಾಮಿ ಸಿಡಿದೆದ್ದರು. "ಮೊಣಗಂಟು ನೋವು, ಮಹಡಿ ಹತ್ತಿ ಮಲಗ್ಲಿಕ್ಕೆ ಆಗುದಿಲ್ಲ, ಕೆಳಗಿನ ಕೋಣೆ ಬೇಕು ಅಂತ ಎಷ್ಟು ಸಲ ಹೇಳುದು ಮಾರಾಯ? ಶತ್ರುಗಳ ಮಾತೆಲ್ಲ ಕೇಳಿದ್ದಾರೆ, ನನ್ನದೊಂದು ಕೇಳ್ಲಿಲ್ಲ. ನಾನೂ ಶತ್ರುವೇ ಆಗ್ಬೇಕಿತ್ತು! ಆದಿತ್ಯವಾರದೊಳಗೆ ಖಾಲಿ ಆಗದಿದ್ರೆ ಗುಜರಿಯವನನ್ನು ನಾನೇ ಕರೀತೇನೆ. ಹೋಗಿ ಹೇಳು."

ಹೋಗಿ ಹೇಳಿದೆ. ಮಾವ ಬರೆದುಕೊಂಡರು.

ಅಲ್ಲಿಂದ ನನಗೆ ಬಿ.ಪಿ. ಮ್ಯೂಸಿಯಂ ಹೋದರೆ ಮಾವ ಹಾಸಿಗೆ ಹಿಡಿಯುತ್ತಾರೆ. ಉಳಿದರೆ ಮಾಮಿ ಮೆಟ್ಟಿಲಿಂದ ಬೀಳುತ್ತಾರೆ. ಎರಡರಲ್ಲೂ ಆಸ್ಪತ್ರೆಗೆ ಓಡುವವನು ಯಾರು?

ಆದಿತ್ಯವಾರ ನೋವಿನ ಮುಲಾಮು ಕಿಸೆಯಲ್ಲಿಟ್ಟುಕೊಂಡು ಹೋದೆ. ಕೋಣೆ ಖಾಲಿ! ರಿಸೀವರುಗಳ ಜಾಗದಲ್ಲಿ ಮಂಚ. ಮಂಚದ ಮೇಲೆ ಮಾಮಿ, ಮಡಿಲಲ್ಲಿ ಮಾವನ ಪುಸ್ತಕ.

"ಶುಕ್ರವಾರದಿಂದ ಒಂದೊಂದೇ ಮೇಲೆ ಹೊತ್ತರು. ಒಂದು ಮಾತಿಲ್ಲ. ಈ ಪುಸ್ತಕ ಇಲ್ಲೇ ಬಾಕಿ ಆಗಿದೆ. ಓದು," ಎಂದರು.

ಓದಿದೆ. 'ಬೆಳಿಗ್ಗೆ. ಆರನೆಯ ಮೆಟ್ಟಿಲಲ್ಲಿ ನಿಂತಳು. ಅಯ್ಯೋ ಅಂದಳು. ಧ್ವನಿ ನಿನ್ನೆಗಿಂತ ಕ್ಷೀಣ.' ಪುಟ ತಿರುವಿದೆ. 'ಅಡುಗೆಮನೆ. ಒಗ್ಗರಣೆ ಹಾಕುತ್ತಾ ಗುನುಗಿದಳು. ನಾಲ್ಕು ದಿನಗಳಲ್ಲಿ ಮೊದಲ ಸಲ.' ಪುಟದ ಮೇಲೆ ಪುಟ, ಎಲ್ಲ ಮಾಮಿಯೇ. ನನ್ನ ಫೋನುಗಳಿಗೆ ಸಿಕ್ಕಿದ್ದು ಒಂದೊಂದು ಸಾಲು: 'ಚಿಂತೆ. ಹೊಸ ವಿಷಯವಿಲ್ಲ.'

ಮಾಮಿ ತಲೆ ಎತ್ತದೆ, ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ, "ಚಾ ಕುಡೀತೀರಾ?" ಎಂದರು.

ಮಹಡಿಯಲ್ಲಿ ಏನೋ ಸರಿದ ಸದ್ದು ನಿಂತಿತು. ಅಭ್ಯಾಸಬಲದಿಂದ ಪೆನ್ಸಿಲ್ ಗೀಚುವ ಸದ್ದಿಗೆ ಕಾದೆ.

"ನೀನು ಏಳ್ಬೇಡ," ಎಂಬ ಒರಟು ಧ್ವನಿ ಮೆಟ್ಟಿಲಿಳಿದು ಬಂತು. "ನಾನೇ ಮಾಡ್ತೇನೆ."

ಮಾಮಿ ಪುಸ್ತಕಕ್ಕೆ ಸಿಕ್ಕಿಸಿದ್ದ ಪೆನ್ಸಿಲನ್ನು ತೆಗೆದು, ಮಾವನ ಆ ಮಾತನ್ನು ಬರೆದುಕೊಂಡರು.