ಒಳಗಿನ ರಿಪೇರಿ, ಹೊರಗಿನ ರಿಪೇರಿ

ಶಿಡ್ಲಘಟ್ಟದಲ್ಲಿ ನಮ್ಮಮ್ಮನ ಟೈಲರಿಂಗ್ ಅಂಗಡಿ ಇದ್ದ ಕಟ್ಟಡದ ಮಾಲೀಕರು ಊಟ ಮರೆತಾರು, ಕರಾರುಪತ್ರ ಮರೆಯುವವರಲ್ಲ! ನಾನು ತಾತ ಎಂದೇ ಕರೆಯುತ್ತಿದ್ದ ಆ ಮಹಾನುಭಾವರ ಜೇಬಿನಲ್ಲಿ ಅದು ಪ್ಲಾಸ್ಟಿಕ್ ಕವರಿನೊಳಗೆ ಬೆಚ್ಚಗಿರುತ್ತಿತ್ತು. ಒಳಗಿನ ರಿಪೇರಿ ಬಾಡಿಗೆದಾರರದು, ಹೊರಗಿನದು ಮಾಲೀಕರದು. ಅವರ ಪಾಲಿಗೆ ಜಗತ್ತಿನಲ್ಲಿ ಇದ್ದದ್ದೇ ಈ ಎರಡು ಭಾಗ.

ಒಮ್ಮೆ ಷಟರ್ ಅರ್ಧಕ್ಕೆ ಸಿಕ್ಕಿಕೊಂಡಿತು. ತಾತ ಬಂದು ಕರಾರು ಬಿಚ್ಚಿದರು.

"ನೋಡಮ್ಮಾ, ಇಳಿಸಿದ್ರೆ ಷಟರ್ ಹೊರಗಿರ್ತದೆ, ನಂದು. ಎತ್ತಿದ್ರೆ ಸುತ್ಕೊಂಡು ಒಳಗಿರ್ತದೆ, ನಿಮ್ದು."

"ಈಗ ಅರ್ಧಕ್ಕೆ ನಿಂತದಲ್ಲ ಯಜಮಾನ್ರೇ?" ಎಂದಳು ಅಮ್ಮ.

"ಅದೇ ನಾನೂ ಯೋಚ್ನೆ ಮಾಡ್ತಿದೀನಿ!"

ಅವರು ಯೋಚಿಸಿ ಮುಗಿಸುವ ತನಕ, ಅಂದರೆ ಪೂರಾ ಎರಡು ದಿನ, ಗಿರಾಕಿಗಳು ಬಗ್ಗಿಕೊಂಡೇ ಬಂದು ರವಿಕೆ ಒಯ್ದರು.

ಜಿಪುಣರೇ? ಛೇ, ಅಲ್ಲ! ಗಾಳಿಗೆ ನಮ್ಮ ಬೋರ್ಡ್ ಬಿದ್ದಾಗ ತಾವೇ ಏಣಿ ಹೊತ್ತು ತಂದರು. "ಬೋರ್ಡ್ ನಮ್ದು ಯಜಮಾನ್ರೇ" ಎಂದರೆ, "ಹೊರಗದೆಯಲ್ಲಮ್ಮಾ, ನನ್ ಜವಾಬ್ದಾರಿ" ಎಂದು ಮೇಲೆ ಹತ್ತಿ ಮೊಳೆ ಹೊಡೆದರು. ಸೊಟ್ಟಗೆ.

ಅಂಗಡಿಯ ಹಿಂದಿನ ಕೋಣೆಯ ಬಾಗಿಲ ಚೌಕಟ್ಟಿನ ಮೇಲೆ ಅಮ್ಮ ಪ್ರತಿ ಯುಗಾದಿಗೂ ನನ್ನ ಲಂಗಕ್ಕೆ ಅಳತೆ ತೆಗೆಯುವಾಗ ನನ್ನ ಎತ್ತರಕ್ಕೊಂದು ಗೆರೆ ಎಳೆಯುತ್ತಿದ್ದಳು. ತಾತನ ಕಣ್ಣಿಗೆ ಅದು ಚುಚ್ಚುತ್ತಿತ್ತು. "ಬಿಡೋವಾಗ ಎಲ್ಲಾ ಮೊದ್ಲಿದ್ದಂಗೇ ಇರ್ಬೇಕು. ಕರಾರಲ್ಲೇ ಅದೆ!"

ಹೋದ ವರ್ಷ ಅಮ್ಮನಿಗೆ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸುವುದೂ ಕಷ್ಟವಾಯಿತು. ಅಂಗಡಿ ಬಿಡಲೇಬೇಕಾಯಿತು. ಮೊಳೆ ಕಿತ್ತ ತೂತುಗಳನ್ನೆಲ್ಲ ಮುಚ್ಚಿದೆವು, ಸುಣ್ಣ ಬಳಿದೆವು. ಉಳಿದದ್ದು ಗೆರೆಗಳು. ಅಮ್ಮ ಮರಳುಕಾಗದ ಹಿಡಿದು ಚೌಕಟ್ಟಿನ ಮುಂದೆ ನಿಂತಳು. ಉಜ್ಜಲು ಅವಳಿಗೆ ಕೈ ಬರಲಿಲ್ಲ.

ಅಷ್ಟರಲ್ಲಿ ತಾತ ಬಂದರು. ಕರಾರು ಹೊರಬಂತು.

"ಕೈ ತೆಗಿಯಮ್ಮಾ! ಚೌಕಟ್ಟು ಗೋಡೆಗೆ ಸೇರಿದ್ದು. ಗೋಡೆ ಹೊರಗಿಂದು. ಅದು ನಂದು, ನೀನ್ ಮುಟ್ಟಂಗಿಲ್ಲ."

ಇಷ್ಟು ವರ್ಷ ಅದೇ ಗೋಡೆಯ ಒಳಮೈಗೆ ನಮ್ಮಿಂದಲೇ ಸುಣ್ಣ ಹೊಡೆಸಿದ ಮನುಷ್ಯ! ಅಮ್ಮ ಬಾಯಿ ತೆರೆಯುವ ಮೊದಲೇ ಅವರು ಬೆನ್ನು ತಿರುಗಿಸಿ ಹೊರಟುಬಿಟ್ಟರು.

ಮೊನ್ನೆ ಆ ದಾರಿಯಲ್ಲಿ ಹೋಗಿದ್ದೆ. ಈಗ ಅಲ್ಲಿ ಮೊಬೈಲ್ ಅಂಗಡಿ. ಒಳಗೆ ಹೊಕ್ಕು ನೋಡಿದರೆ ಗೋಡೆಗೆಲ್ಲ ಕಡುನೀಲಿ ಬಣ್ಣ, ಹಿಂದಿನ ಬಾಗಿಲ ಚೌಕಟ್ಟಿಗೆ ಮಾತ್ರ ಇಲ್ಲ. ನನ್ನ ಗೆರೆಗಳು ಹಾಗೇ ಇವೆ! ಯಾಕೆಂದು ಅಂಗಡಿಯವರನ್ನು ಕೇಳಿದೆ.

"ಏನ್ ಮಾಡಣಮ್ಮಾ, ವಿಚಿತ್ರ ಮನುಷ್ಯ" ಎನ್ನುತ್ತಾ ಅವರು ತಮ್ಮ ಕರಾರುಪತ್ರ ತೋರಿಸಿದರು. ಟೈಪು ಮಾಡಿದ ಷರತ್ತುಗಳ ಕೆಳಗೆ ತಾತನ ಸೊಟ್ಟ ಕೈಬರಹ:

"ಹಿಂದಿನ ಬಾಗಿಲಿನ ಗೆರೆಗಳು ಮಗುವಿನವು. ಯಾರೂ ರಿಪೇರಿ ಮಾಡತಕ್ಕದ್ದಲ್ಲ."