ಪೋಲೆಂಡ್ ಮೇಡಮ್ ಮತ್ತು ಬೆಲ್ಲ ನೀರು

ಪರದೇಶದವರನ್ನು ಕರೆದುಕೊಂಡು ನಮ್ಮ ಕಡೆಯ ನಾಲ್ಕು ಮನೆ ಹತ್ತಿ ಇಳಿದರೆ ನಗಲಿಕ್ಕೆ ಬೇರೆ ನಾಟಕ ನೋಡಬೇಕಾಗಿಲ್ಲ. ನಾನು ಬಂಟ್ವಾಳದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಕಾಲೇಜಿಗೆ ರಜೆ ಬಂದರೆ ನನ್ನ ಸಂಬಳವೂ ರಜೆ ಹಾಕುತ್ತದೆ. ಹಾಗಾಗಿ ಸಂಶೋಧನೆಗೆಂದು ಪೋಲೆಂಡಿನಿಂದ ಬಂದ ಹುಡುಗಿಗೆ ದುಭಾಷಿಯಾಗಲು ಒಪ್ಪಿಕೊಂಡೆ. ಅವಳಿಗೆ ಬೇಕಾದದ್ದು ನಮ್ಮ ಹಕ್ಕಿಗಳು ಬೆಳಗಿನ ಜಾವ ಕೂಗುವ ಸದ್ದು. ಟಿಫಿನ್ ಡಬ್ಬಿಯಷ್ಟು ದೊಡ್ಡ ರೆಕಾರ್ಡರನ್ನು ಯಾರದಾದರೂ ಅಂಗಳದ ಮರಕ್ಕೆ ಕಟ್ಟಿ ಬಂದರೆ ಅದು ತನ್ನಷ್ಟಕ್ಕೆ ಕೇಳಿಸಿಕೊಳ್ಳುತ್ತದೆ. ವೀಸಾ ಮುಗಿಯುವುದರೊಳಗೆ ಒಳ್ಳೆಯ ಧ್ವನಿ ಸಿಗದಿದ್ದರೆ ಅವಳ ಪಿಎಚ್‌ಡಿ ನೀರಿನಲ್ಲಿ ಹೋಮ ಮಾಡಿದ ಹಾಗೆ.

ನೋಡಿ ಕಲಿತದ್ದು

ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಬೆಲ್ಲ ಕಚ್ಚಬೇಕು, ನೀರು ಕುಡಿಯಬೇಕು. ನರಿಕೊಂಬಿನ ಮೊದಲ ಮನೆಯಲ್ಲೇ ಮೇಡಮ್ ಬೆಲ್ಲವನ್ನು ಸೀದಾ ಲೋಟಕ್ಕೆ ಹಾಕಿ ಪೆನ್ನಿನಿಂದ ಕದಡತೊಡಗಿದಳು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ತಮ್ಮ ಲೋಟಕ್ಕೂ ಬೆಲ್ಲ ಹಾಕಿಕೊಂಡು ಹೆಂಡತಿಗೆ ಕಣ್ಸನ್ನೆ ಮಾಡಿದರು. ಬಂದವರಿಗೆ ನಾಚಿಕೆಯಾಗಬಾರದಲ್ಲ. ಸೊಸೆ ಒಳಗಿನಿಂದ ಎಲ್ಲರಿಗೂ ಚಮಚ ತಂದಳು. ಮನೆ ಮಂದಿಯೆಲ್ಲ ಪರೀಕ್ಷೆ ಬರೆಯುವವರಂತೆ ಗಂಭೀರವಾಗಿ ಕದಡಿ ಕುಡಿದರು, ನಾನೂ ಕುಡಿದೆ.

ಹೊರಗೆ ಬಂದ ಮೇಲೆ ಮೇಡಮ್ ಹೆಮ್ಮೆಯಿಂದ, ನಿಮ್ಮ ಪದ್ಧತಿ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ, ನೋಡಿಯೇ ಗೊತ್ತಾಯಿತು ಎಂದಳು.

ಪಾಣೆಮಂಗಳೂರು ಎಂಬ ಫಾರಿನ್

ರೆಕಾರ್ಡರಿಗೆ ಬ್ಯಾಟರಿ ಬೇಕೆಂದು ಪಾಣೆಮಂಗಳೂರಿನ ಹಾಜಿಯವರ ಅಂಗಡಿಗೆ ಹೋದೆವು. ಹಾಜಿಯವರು ಅರ್ಧ ಆಯುಷ್ಯ ದುಬಾಯಿಯಲ್ಲಿ ದುಡಿದು ಬಂದವರು. ಊರು ಬಿಟ್ಟು ದುಡಿಯುವವರನ್ನು ಕಂಡರೆ ಅವರಿಗೆ ಕರುಳು ಚುರ್ ಎನ್ನುತ್ತದೆ. ಊಟಕ್ಕೆ ತೊಂದರೆ ಉಂಟಾ, ತಾಯಿಗೆ ಫೋನ್ ಮಾಡುತ್ತಾಳಾ, ಟಿಕೆಟ್ ಕಂಪೆನಿಯದ್ದಾ ಸ್ವಂತದ್ದಾ ಎಂದೆಲ್ಲ ವಿಚಾರಿಸಿದರು. ಟಿಕೆಟ್ ವಿಶ್ವವಿದ್ಯಾಲಯದ್ದು ಎಂದಾಗ 'ಒಳ್ಳೆ ಕಂಪೆನಿ' ಎಂದು ತಲೆಯಾಡಿಸಿದರು. ಆದರೆ ಅವಳು ಬೆನ್ನಿನ ಚೀಲ ಮಾತ್ರ ಹಿಡಿದುಕೊಂಡು ಮರಳುತ್ತಾಳೆಂದು ಕೇಳಿ ಅವರ ಮುಖ ಬಾಡಿತು.

'ಊರಿಗೆ ಹೋಗುವಾಗ ಕೈ ಬೀಸಿಕೊಂಡು ಹೋಗ್ಲಿಕ್ಕುಂಟಾ ಟೀಚರ್? ನೆರೆಕರೆಯವರು ಏನು ಹೇಳಿಯಾರು?'

ಅಂಗಡಿಯ ರಟ್ಟಿನ ಪೆಟ್ಟಿಗೆಯೊಂದಕ್ಕೆ ಅವರೇ ಸೋಪು, ಸೆಂಟು, ಬಾದಾಮಿ, ಒಂದು ಕಂಬಳಿ ತುಂಬಿದರು. ಹಣ ಮುಟ್ಟಲಿಲ್ಲ. ನೈಲಾನ್ ಹಗ್ಗ ಬಿಗಿದು, ಪೆಟ್ಟಿಗೆಯ ಎಲ್ಲ ಮಗ್ಗುಲಿಗೂ ದಪ್ಪ ಅಕ್ಷರದಲ್ಲಿ ಅವಳ ಹೆಸರು ಬರೆದರು. ಫಾರಿನ್ ಅಂದರೆ ವಿಮಾನ ಹತ್ತಿ ಹೋಗುವ ಜಾಗ ಎಂದುಕೊಂಡಿದ್ದೆ. ಪಾಣೆಮಂಗಳೂರೂ ಒಬ್ಬರ ಫಾರಿನ್ ಎಂದು ಅವತ್ತು ಗೊತ್ತಾಯಿತು.

ಮೂಡುಬಿದಿರೆಯ ಸಮಾರಾಧನೆ

ಮೂಡುಬಿದಿರೆಯಲ್ಲಿ ಮರ ಕೊಟ್ಟ ಮನೆಯ ಅಕ್ಕನಿಗೆ, ಇದು ಹಕ್ಕಿಗಳ ಧ್ವನಿ ಹಿಡಿಯುವ ಯಂತ್ರ ಎಂದು ಚೆನ್ನಾಗಿ ಬಿಡಿಸಿ ಹೇಳಿದೆ. ಅಷ್ಟು ಚೆನ್ನಾಗಿ ಹೇಳಬಾರದಿತ್ತು. ಮೇಡಮ್ ಅಷ್ಟು ದೂರದಿಂದ ಬಂದಿರುವಾಗ ಹಕ್ಕಿ ಬಾರದಿದ್ದರೆ ಮನೆಯ ಮರ್ಯಾದೆ ಏನಾಗಬೇಕು? ಅಕ್ಕ ದಿನಾ ಬೆಳಿಗ್ಗೆ ಮರದ ಬುಡಕ್ಕೆ ಸೇರುಗಟ್ಟಲೆ ಅಕ್ಕಿ ಚೆಲ್ಲಿದರು. ರೆಕಾರ್ಡರ್ ಬಿಚ್ಚಿ ಕೇಳಿದರೆ ನೆರೆಕರೆಯ ಕೋಳಿಗಳೆಲ್ಲ ಅದರಲ್ಲಿ ಜಗಳವಾಡುತ್ತಿದ್ದವು.

'ಯಾಕೆ ಟೀಚರ್, ಕೋಳಿ ಹಕ್ಕಿ ಅಲ್ವಾ?' ಎಂದು ಅಕ್ಕ ಕೇಳಿದರು. ಮೇಡಮ್‌ಗೆ ಅನುವಾದಿಸಿದೆ. ಅವಳು ಪುಸ್ತಕ ತೆಗೆದು ಹಕ್ಕಿಗಳ ಪಟ್ಟಿಯ ಕೊನೆಗೆ ಕೋಳಿಯನ್ನೂ ಬರೆದುಕೊಂಡಳು.

ಒಂದು ಕಾಗೆಯೂ ಕೂಗದ ಮನೆ

ಬೇರೆ ಮನೆಗಳಲ್ಲೂ ಒಳ್ಳೆಯ ಧ್ವನಿ ಸಿಕ್ಕಿರಲಿಲ್ಲ, ಉಳಿದದ್ದು ಮಡಂತ್ಯಾರಿನ ಒಂದು ಮನೆ ಮಾತ್ರ. ವೀಸಾ ಮುಗಿಯುತ್ತ ಬಂದಿತ್ತು. ಮೇಡಮ್‌ನ ಮುಖ ನೋಡಲಾಗುತ್ತಿರಲಿಲ್ಲ. ಈ ಸಲ ನಾನು ಬುದ್ಧಿವಂತಳಾಗಿ ಹಕ್ಕಿಯ ಸುದ್ದಿಯನ್ನೇ ಎತ್ತಲಿಲ್ಲ. ಮರಕ್ಕೆ ಕಟ್ಟಿದ ರೆಕಾರ್ಡರಿನ ಹತ್ತಿರ ಏನೂ ಗಲಾಟೆ ಆಗದಂತೆ ನೋಡಿಕೊಂಡರೆ ಸಾಕು ಎಂದು ಮನೆಯ ಅಜ್ಜಿಗೆ ಹೇಳಿ ಬಂದೆ. ಅಜ್ಜಿ ಮರುಪ್ರಶ್ನೆ ಹಾಕದೆ ಒಪ್ಪಿದರು.

ವಾರ ಬಿಟ್ಟು ಹೋದಾಗ ಅಜ್ಜಿ ಜಗಲಿಯಲ್ಲಿ ಬಿದಿರಿನ ಕೋಲು ಹಿಡಿದು ಕುಳಿತಿದ್ದರು. ನಿದ್ದೆಗೆಟ್ಟ ಕಣ್ಣು, ಗೆದ್ದವರ ಮುಖ. ಮೇಡಮ್ ಬೆಲ್ಲವನ್ನು ತನ್ನ ರೀತಿಯಲ್ಲೇ ಕದಡಿ ಕುಡಿದು ಇಯರ್‌ಫೋನ್ ಸಿಕ್ಕಿಸಿಕೊಂಡಳು. ಕೇಳುತ್ತ ಕೇಳುತ್ತ ಬಿಳುಚಿಕೊಂಡಳು. ಒಂದನ್ನು ತೆಗೆದು ನನ್ನ ಕಿವಿಗಿಟ್ಟಳು. ಒಂದು ಹಕ್ಕಿಯೂ ಇಲ್ಲ. ಆಗಾಗ ಮೆಲ್ಲಗೆ ಒಂದು 'ಹುಶ್', ಪಟಪಟ ರೆಕ್ಕೆ, ಮತ್ತೆ ಮೌನ.

'ಒಂದು ಕಾಗೆಯನ್ನು ಸಹ ಕೂಗ್ಲಿಕ್ಕೆ ಬಿಡ್ಲಿಲ್ಲ ಟೀಚರ್. ಬೆಳಕು ಹರಿಯುವ ಮೊದ್ಲೇ ಎದ್ದು ಓಡಿಸ್ತೇನೆ' ಎಂದರು ಅಜ್ಜಿ.

ಮೇಡಮ್ ಮೆಟ್ಟಿಲ ಮೇಲೆ ಕುಳಿತು ಅಳತೊಡಗಿದಳು. ಬೇರೆ ದಾರಿಯಿಲ್ಲದೆ ಅಜ್ಜಿಗೆ ನಿಜ ಹೇಳಿದೆ: ಅವಳು ಬಂದದ್ದೇ ಆ ಕೂಗು ಕೇಳಲಿಕ್ಕೆ. ಅಜ್ಜಿ ಕೋಲು ಕೆಳಗಿಟ್ಟರು.

'ಹಾಗಾದ್ರೆ ನಾಳೆಯಿಂದ ಬರ್ಲಿಕ್ಕೆ ಹೇಳ್ತೇನೆ.'

ಅದನ್ನು ಅನುವಾದಿಸಿದಾಗ ಮೇಡಮ್ ಕಣ್ಣೀರು ಒರೆಸುವುದನ್ನೇ ಮರೆತು ನಕ್ಕಳು. ಹೇಗೂ ಕೆಲವು ದಿನ ಉಳಿದಿತ್ತು; ರೆಕಾರ್ಡರನ್ನು ಪುನಃ ಮರಕ್ಕೆ ಕಟ್ಟಿದೆವು. ಹೊರಡುವ ಹಿಂದಿನ ದಿನ ಬಿಚ್ಚಿಕೊಂಡು, ಕೇಳಲೂ ಪುರುಸೊತ್ತಿಲ್ಲದೆ, ಹಾಜಿಯವರ ಪೆಟ್ಟಿಗೆಯೊಂದಿಗೆ ಅವಳು ವಿಮಾನ ಹತ್ತಿದಳು.

ಮೊನ್ನೆ ಫೋನ್ ಮಾಡಿದ್ದಳು. ಹಕ್ಕಿಗಳು ಬಂದಿವೆಯಂತೆ, ಗುಂಪುಗಟ್ಟಿಕೊಂಡು. ಅವಳ ಪ್ರೊಫೆಸರಿಗೆ ಬಹಳ ಖುಷಿ, ಪಿಎಚ್‌ಡಿ ಉಳಿಯಿತು. ಕೂಗು ಕೇಳಿಯೇ ಹಕ್ಕಿಯ ಹೆಸರು ಹೇಳುವ ಕಂಪ್ಯೂಟರ್ ಎಲ್ಲವನ್ನೂ ಗುರುತಿಸಿದೆ, ಒಂದನ್ನು ಬಿಟ್ಟು. ದಿನಾ ಎಲ್ಲಕ್ಕಿಂತ ಮೊದಲು ಅದೊಂದೇ ಕೂಗುತ್ತದೆ, ಅದಾದ ಮೇಲೆಯೇ ಉಳಿದವು ಶುರು ಮಾಡುತ್ತವೆ. ಅದು ಯಾರೆಂದು ಅವಳಿಗೆ ಗೊತ್ತು, ಏನು ಹೇಳುತ್ತಿದೆಯೆಂದು ತಿಳಿಯಬೇಕು. ಅಷ್ಟು ಭಾಗವನ್ನು ನನಗೆ ಕಳಿಸಿದಳು.

ಕೇಳಿದೆ. ಮಡಂತ್ಯಾರಿನ ಅಜ್ಜಿ ತುಳುವಿನಲ್ಲಿ, ನೆಂಟರನ್ನು ಕರೆಯುವ ಧ್ವನಿಯಲ್ಲಿ, 'ಬಲೆ, ಬಲೆ' ಎನ್ನುತ್ತಿದ್ದರು. ಬನ್ನಿ, ಬನ್ನಿ. ಓಡಿಸಿದ್ದಕ್ಕೆ ಬೇಜಾರು ಮಾಡಬೇಡಿ, ಗೊತ್ತಾಗಲಿಲ್ಲ. ಮರದ ಬುಡದಲ್ಲಿ ಬೆಲ್ಲ ನೀರು ಇಟ್ಟಿದ್ದೇನೆ. ಮೇಡಮ್ ಕುಡಿಯುವ ಹಾಗೆ ಕದಡಿಯೇ ಇಟ್ಟಿದ್ದೇನೆ.