ಕನ್ನಡಿಗೆ ರಜೆ ಕೊಟ್ಟ ಮಾಮಾ

ನನ್ನ ಸೋದರಮಾವ ತನ್ನ ಮುಖವನ್ನು ತಾನು ನೋಡಿಕೊಂಡು ಎಷ್ಟೋ ವರ್ಷಗಳಾದವು ಎಂದರೆ ನೀವು ನಂಬಲಿಕ್ಕಿಲ್ಲ. ಆ ಮುಖವನ್ನು ಒಮ್ಮೆ ನೋಡಿದ್ದರೆ ತಕ್ಷಣ ನಂಬುತ್ತಿದ್ದಿರಿ! ಮಸ್ಕಿಯಲ್ಲಿರುವ ಆ ಮುಖದ ಮೀಸೆ ಒಂದು ಕಡೆ ಸಿಂಧನೂರಿಗೆ, ಇನ್ನೊಂದು ಕಡೆ ಲಿಂಗಸುಗೂರಿಗೆ ಹೊರಟು ನಿಂತಿರುತ್ತದೆ.

"ಬಲಗೈ ಎತ್ತಿದ್ರ ಕನ್ನಡಿ ಎಡಗೈ ತೋರಸ್ತೈತಿ. ಎಡಾ ಬಲಾ ತಿಳೀದಿದ್ದು ನನ್ನ ಮೂತಿ ಬಗ್ಗೆ ಏನ್ ಹೇಳೀತಲೇ?" ಎನ್ನುತ್ತಾನೆ. ಸಿಂಧನೂರಿನ ಶಾಲೆಯೊಂದರಲ್ಲಿ ಬೆಳಕಿನ ಪಾಠ ಮಾಡುವ ಮೇಷ್ಟರು ನಾನು. ಕನ್ನಡಿಯ ಪಾಠವನ್ನು ಈಗ ಈ ಮಾತಿನಿಂದಲೇ ಶುರು ಮಾಡುತ್ತೇನೆ.

ಬೈಕಿನ ಎರಡೂ ಕನ್ನಡಿಗಳನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದಾನೆ. ಹಿಂದೆ ಬರುವವರ ಗತಿ? "ಹಾರ್ನ್ ಹೊಡೀತಾರ. ನನಗ ಕಿವಿ ಅದಾವಲ್ಲ!"

ಕಟಿಂಗ್ ಅಂಗಡಿಯಲ್ಲಂತೂ ಕನ್ನಡಿಗೆ ಬೆನ್ನು ತಿರುಗಿಸಿ, ರಸ್ತೆ ಕಡೆ ಮುಖ ಮಾಡಿ ಕೂರುತ್ತಾನೆ. ಒಮ್ಮೆ ಕ್ಷೌರ ಮುಗಿದ ಮೇಲೆ ಹಾದಿಯಲ್ಲಿ ಹೋಗುವವರನ್ನು ಕೂಗಿ "ಹೆಂಗಾಗೇತಿ?" ಎಂದು ಕೇಳಿದ. "ಎಡಕ್ಕ ಸ್ವಲ್ಪ ಜಾಸ್ತಿ ಐತ್ರಿ" ಅಂದರು ಒಬ್ಬರು. ಕತ್ತರಿ ಆಡಿತು. "ಈಗ ಬಲಕ್ಕ ಜಾಸ್ತಿ ಕಾಣಾಕತ್ತೈತ್ರಿ" ಅಂದರು ಇನ್ನೊಬ್ಬರು. ಮತ್ತೆ ಆಡಿತು. ಓಣಿಯ ಅಭಿಪ್ರಾಯ ಮುಗಿಯುವ ಹೊತ್ತಿಗೆ ತಲೆಯಲ್ಲಿ ಕೂದಲೂ ಮುಗಿದಿತ್ತು! ಮಾಮಾ ನುಣ್ಣನೆಯ ತಲೆ ಸವರಿಕೊಂಡು, "ಊರಿಗಿ ಬೇಕಾದಂಗ ಆತು ಬಿಡು" ಎಂದು ಖುಷಿಯಿಂದ ಎದ್ದ.

ಇಂಥವನನ್ನು ನೋಡಿ ನಗುತ್ತಿದ್ದ ನಾನೇನು ಕಡಿಮೆಯೇ? ಕಂಡವರ ಬೈಕಿನ ಕನ್ನಡಿಯಲ್ಲಿ ಕ್ರಾಪು ತೀಡಿಕೊಳ್ಳುವವನು ನಾನು. ಬಸ್ಸಿನ ಕಿಟಕಿಯಾಗಲಿ, ಪಾತ್ರೆ ಅಂಗಡಿಯ ಸ್ಟೀಲ್ ತಟ್ಟೆಯಾಗಲಿ, ನನ್ನ ದರ್ಶನ ಮಾಡಿಕೊಳ್ಳದೆ ಮುಂದೆ ಹೋದವನಲ್ಲ. "ನಿಮ್ಮನ್ನ ನೀವು ನೋಡ್ಕೊಂಡಷ್ಟು ನಾ ನೋಡಿದ್ರ ನನ್ನ ಕಣ್ಣೇ ಹೋಗ್ತಿದ್ದವು" ಎಂದು ಹೆಂಡತಿ ಹಂಗಿಸುತ್ತಾಳೆ.

ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ಸುರಿದುಹೋಯಿತು. ಕನ್ನಡಿ ನೋಡಿದೆ. ಬಾಯಿ ಸೊಟ್ಟಗಾಗಿತ್ತು, ಎಡಗಣ್ಣು ಮುಚ್ಚುತ್ತಿರಲಿಲ್ಲ! ಮುಖದ ನರ ಬಾತಿದೆ, ನಿಧಾನಕ್ಕೆ ಸರಿಹೋಗುತ್ತದೆ ಎಂದರು ಡಾಕ್ಟರು. ನಿಧಾನ ಎಂದರೆ ಎಷ್ಟು? ಲಿಂಗಸುಗೂರಿನಲ್ಲಿ ಅಕ್ಕನ ಮಗಳ ಮದುವೆ ಹತ್ತಿರ ಬಂದಿತ್ತು. ನಮ್ಮಲ್ಲಿ ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಅವಳಿಗಿರುವ ಒಬ್ಬನೇ ಸೋದರಮಾವ ನಾನು. ಈ ಮೂತಿ ಹೊತ್ತು ಬೀಗರೆಲ್ಲರ ಮುಂದೆ ನಡೆಯುವುದೇ? ಬರುವುದಿಲ್ಲವೆಂದು ಅಕ್ಕನಿಗೆ ಫೋನಿನಲ್ಲಿ ಹೇಳಿ, ಕೋಣೆ ಸೇರಿ ಬಾಗಿಲು ಹಾಕಿಕೊಂಡೆ. ಅಕ್ಕ ಅತ್ತಳು, ಮದುಮಗಳೂ ಅತ್ತಳಂತೆ.

ಮದುವೆಯ ದಿನ ಬೆಳಿಗ್ಗೆ ಮಸ್ಕಿಯಿಂದ ಮಾಮಾ ಬಂದಿಳಿದ. ನನ್ನ ಗದ್ದ ಹಿಡಿದೆತ್ತಿ ನೋಡಿದ. ಏನೂ ಆಗಿಲ್ಲ ಎಂದಾನೆಂದು ಕಾದೆ.

"ಭಾಳ ಸೊಟ್ಟ ಆಗೇತಿ" ಎಂದ!

"ಅದಕ್ಕ ನಾ ಬರಂಗಿಲ್ಲ ಮಾಮಾ."

"ಹುಡುಗಿ ನಿನ್ನ ಬಾಯಿ ಹಿಡ್ಕೊಂಡು ಬರ್ತಾಳೇನು? ಕೈ ಹಿಡ್ಕೊಂಡು ಬರ್ತಾಳ. ಕೈ ನೆಟ್ಟಗ ಐತಿಲ್ಲ?"

"ಫೋಟೋ ತೆಗೀತಾರ..."

"ಮದುಮಗಳ ಬಿಟ್ಟು ನಿನ್ನ ನೋಡಾಕ ಅವರಿಗೇನು ಹುಚ್ಚೇನಲೇ? ಕನ್ನಡ್ಯಾಗ ನಿನಗ ಬಾಯಿ ಕಾಣಾಕತ್ತೈತಿ. ಆಕಿಗೆ ಮಾಮಾ ಕಾಣ್ತಾನ. ಅಂಗಿ ಹಾಕ್ಕೋ."

ಹಾಕಿಕೊಂಡೆ. ಗುಂಡಿ ತಪ್ಪಿಸಿ ಹಾಕಿಕೊಂಡದ್ದು ಬಸ್ಸಿನಲ್ಲಿ ಗೊತ್ತಾಯಿತು. ಜೀವನದಲ್ಲಿ ಮೊದಲ ಬಾರಿ ಕನ್ನಡಿ ನೋಡದೆ ಹೊರಟಿದ್ದೆ.

ಕಲ್ಯಾಣಮಂಟಪದ ಕೋಣೆಯಲ್ಲಿ ಹುಡುಗಿ ತಲೆ ಎತ್ತಿ ನನ್ನ ಮುಖವನ್ನೇ ನೋಡಿದಳು. ನಾನು ಬಾಯಿಗೆ ಕೈ ಅಡ್ಡ ಹಿಡಿದೆ. "ಎಷ್ಟೊತ್ತು ನಿನ್ನ ದಾರಿ ನೋಡೋದು ಮಾಮಾ!" ಎಂದು ಗದರಿಸಿ ಕೈ ಚಾಚಿದಳು. ಅಷ್ಟೆ. ಇಷ್ಟು ದಿನ ಕೋಣೆಯಲ್ಲಿ ನಾನು ಯಾರನ್ನು ಬಚ್ಚಿಟ್ಟಿದ್ದೆನೋ!

ಅವಳ ಕೈ ಹಿಡಿದು ಮಂಟಪಕ್ಕೆ ನಡೆಯುವಾಗ ಮುಚ್ಚದ ಎಡಗಣ್ಣಿನಿಂದ ನೀರು ಸೋರುತ್ತಿತ್ತು. ಮಾಮಾ ನನ್ನ ಎಡಕ್ಕೇ ನಡೆಯುತ್ತ, ಹೆಗಲ ಟವೆಲ್ಲಿನ ತುದಿಯಿಂದ ಆಗಾಗ ಒರೆಸುತ್ತಿದ್ದ. "ಯಜಮಾನ್ರ, ಸೈಡಿಗಿ ಬರ್ರಿ, ಫೋಟೋಕ್ಕ ಅಡ್ಡ ಬರಾಕತ್ತೀರಿ" ಎಂದು ಫೋಟೋದವನು ಕೂಗಿದರೂ ಸರಿಯಲಿಲ್ಲ. ಮಂಟಪದಲ್ಲಿ ಅವಳನ್ನು ಮಣೆಯ ಮೇಲೆ ಕೂರಿಸಿ ನಾನು ಕೈ ಬಿಟ್ಟೆ. ಮಾಮಾ ನನ್ನ ಎಡಗಣ್ಣು ಒರೆಸಿದ. ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಯಾವ ರೋಗವೂ ಇಲ್ಲದ ನನ್ನ ಬಲಗಣ್ಣನ್ನೂ ಒರೆಸಿದ.